ಜಾಲದ ಬಾಗಿಲಿಗೆ ಕೀಲಿಕೈ

ಬೀಗವು ಎಷ್ಟೇ ಗಟ್ಟಿಯಾಗಿದ್ದರೂ ಕೀಲಿಕೈ ಕಳ್ಳನ ವಶವಾದರೆ ಮನೆಗೆ ರಕ್ಷಣೆಯುಂಟೆ? ಗುಪ್ತಲಿಪಿ ಶಾಸ್ತ್ರದಲ್ಲಿಯೂ ಹೀಗೆಯೇ. ಅಲ್ಲಿ ಕೀಲಿಕೈ ಎಂದರೆ ಗುಟ್ಟಾಗಿಟ್ಟ ಒಂದು ದೊಡ್ಡ ಸಂಖ್ಯೆ. ಲಿಪಿಯ ವಿಧಾನವು ಶತ್ರುವಿಗೆ ತಿಳಿದರೂ ಹಾನಿಯಾಗಬಾರದು, ಕೀಲಿಕೈಯೊಂದು ಗುಟ್ಟಾಗಿದ್ದರೆ ಸಾಕು ಎಂಬ ತತ್ತ್ವವನ್ನು 1883ರಲ್ಲಿಯೇ ಫ್ರಾನ್ಸಿನ ಭಾಷಾಧ್ಯಾಪಕ ಆಗಸ್ಟ್ ಕರ್ಕಾಫ್ಸ್ ಎಂಬಾತನು ಸಾರಿದನು. ಅಂದಮೇಲೆ ಹೊಣೆಯೆಲ್ಲವೂ ಕೀಲಿಕೈಯದಾಯಿತು. ಅದು ಎಲ್ಲಿ ಹುಟ್ಟಬೇಕು, ಯಾರ ಬಳಿ ಇರಬೇಕು, ಎಂದು ಅಳಿಯಬೇಕು? ನಮ್ಮ ಫೋನು ವೈಫೈ ಜಾಲವನ್ನು ಹೊಗುವಾಗಲೆಲ್ಲ ಈ ಪ್ರಶ್ನೆಗಳು ಏಳುತ್ತವೆ.

ವೈಫೈ ಸಂದೇಶವು ರೇಡಿಯೋ ಅಲೆಗಳಾಗಿ ಹರಿಯುವುದರಿಂದ ಸಮೀಪದಲ್ಲಿರುವ ಯಾರಾದರೂ ಅದನ್ನು ಹಿಡಿಯಬಲ್ಲರು. ಆದುದರಿಂದ 1997ರಲ್ಲಿ ಹೊರಟ ಮೊದಲ ನಿಯಮಾವಳಿಯಲ್ಲಿಯೇ 'ವೆಪ್' ಎಂಬ ರಕ್ಷಣೆಯನ್ನು ಸೇರಿಸಿದರು. ಇದರಲ್ಲಿ ಸಾಮಾನ್ಯವಾಗಿ ಇಡೀ ಜಾಲಕ್ಕೆ ಒಂದೇ ಕೀಲಿಕೈ. ಯಾರಾದರೂ ಬದಲಿಸುವವರೆಗೆ ಅದೇ ಗತಿ. ಪ್ರತಿ ಸಂದೇಶಕ್ಕೂ ಅದರೊಡನೆ 24 ಬಿಟ್‌ಗಳ ಇನ್ನೊಂದು ಸಂಖ್ಯೆಯನ್ನು ಜೋಡಿಸುತ್ತಿದ್ದರು. ಅಂತಹ ಸಂಖ್ಯೆಗಳು 1,67,77,216 ಮಾತ್ರ. ಬಿಡುವಿಲ್ಲದ ಜಾಲದಲ್ಲಿ ಅವು ಬೇಗನೆ ಮುಗಿದು ಹಳೆಯವೇ ಮರಳಿ ಬರುತ್ತಿದ್ದವು. ಸಾಕಷ್ಟು ಸಂದೇಶಗಳನ್ನು ಕೂಡಿಹಾಕಿದರೆ ಮೂಲ ಕೀಲಿಕೈಯನ್ನೇ ಕಂಡುಹಿಡಿಯಬಹುದೆಂದು 2001ರಲ್ಲಿ ಫ್ಲೂರರ್, ಮಾಂಟಿನ್, ಶಮೀರ್ ಎಂಬ ಮೂವರು ವಿದ್ವಾಂಸರು ತೋರಿಸಿಕೊಟ್ಟರು.

2004ರಲ್ಲಿ ಬೇರೊಂದು ಏರ್ಪಾಡು ಬಂದಿತು. ದೊಡ್ಡ ಸಂಸ್ಥೆಗಳಲ್ಲಿ ಇದಕ್ಕೆ ಮೂವರು ಪಾತ್ರಧಾರಿಗಳು: ಒಳಬರುವ ಫೋನು, ಬಾಗಿಲು ಕಾಯುವ ವೈಫೈ ಪೆಟ್ಟಿಗೆ, ಹಿಂದೆ ಕುಳಿತು ಗುರುತನ್ನು ಪರೀಕ್ಷಿಸುವ ಸರ್ವರ್. ಫೋನೂ ಸರ್ವರೂ ಒಂದನ್ನೊಂದು ಪರೀಕ್ಷಿಸಿ, ತಮ್ಮ ತಮ್ಮಲ್ಲಿಯೇ ಲೆಕ್ಕಹಾಕಿ ಒಂದೇ ತಾಯಿ ಕೀಲಿಕೈಯನ್ನು ಪಡೆಯುತ್ತವೆ. ಅದು ಗಾಳಿಯಲ್ಲಿ ಹಾಯುವುದೇ ಇಲ್ಲ. ಸರ್ವರ್ ಅದನ್ನು ಪೆಟ್ಟಿಗೆಗೆ ಗುಟ್ಟಾಗಿ ತಲಪಿಸುತ್ತದೆ. ಬಳಿಕ ಪೆಟ್ಟಿಗೆಯೂ ಫೋನೂ ನಾಲ್ಕು ಓಲೆಗಳನ್ನು ವಿನಿಮಯ ಮಾಡಿಕೊಂಡು, ತಮ್ಮ ತಮ್ಮ ಹೊಸ ಸಂಖ್ಯೆಯೊಂದನ್ನು ತಾಯಿ ಕೀಲಿಕೈಯೊಡನೆ ಬೆರೆಸಿ, ಆ ಹೊತ್ತಿಗಷ್ಟೇ ಸಲ್ಲುವ ಮರಿ ಕೀಲಿಕೈಗಳನ್ನು ರಚಿಸುತ್ತವೆ.

ಇದರ ಹಿಂದಿನ ನೀತಿಯನ್ನು ಇಂಟರ್‌ನೆಟ್ಟಿನ ನಿಯಮಗಳನ್ನು ರೂಪಿಸುವ ಮಂಡಲಿಯು 2007ರಲ್ಲಿ ಸ್ಪಷ್ಟಪಡಿಸಿತು. ಪ್ರತಿ ಸಂಪರ್ಕಕ್ಕೂ ಕೀಲಿಕೈ ಹೊಸದಾಗಿರಬೇಕು. ಯಾರಿಗಾಗಿ, ಯಾವ ಕೆಲಸಕ್ಕಾಗಿ ಹುಟ್ಟಿತೋ ಅಲ್ಲಿಗೇ ಸೀಮಿತವಾಗಿರಬೇಕು. ಒಂದು ಪೆಟ್ಟಿಗೆ ಕೆಟ್ಟವರ ಕೈಸೇರಿದರೆ ಉಳಿದವುಗಳಿಗೆ ಅಪಾಯ ತಟ್ಟಬಾರದು.

ಈ ನೀತಿ ತುಸು ತಪ್ಪಿದರೂ ಅನರ್ಥವೇ. ಬೆಲ್ಜಿಯಂ ದೇಶದ ವಿದ್ವಾಂಸರಾದ ವಾನ್‌ಹೋಫ್ ಮತ್ತು ಪೀಸೆನ್ಸ್ 2017ರಲ್ಲಿ ಒಂದು ದೋಷವನ್ನು ಪ್ರಕಟಿಸಿದರು. ಮೂರನೆಯ ಓಲೆಯನ್ನು ಮತ್ತೆ ಕಳುಹಿಸಿದರೆ ಫೋನು ಬಳಸುತ್ತಿದ್ದ ಕೀಲಿಕೈಯನ್ನೇ ಹೊಸದೆಂಬಂತೆ ಹೂಡಿ, ಸಂದೇಶಗಳ ಎಣಿಕೆಯನ್ನು ಮೊದಲಿನಿಂದ ಆರಂಭಿಸುತ್ತಿತ್ತು. ಗುಪ್ತಲಿಪಿ ಮುರಿದಿರಲಿಲ್ಲ, ಕೀಲಿಕೈಯ ನಿರ್ವಹಣೆ ಕೆಟ್ಟಿತ್ತು. ಬಳಿಕ ತಂತ್ರಾಂಶವನ್ನು ತಿದ್ದಿ ಇದನ್ನು ಸರಿಪಡಿಸಿದರು.

ಇದರಲ್ಲಿ ನಮಗೂ ಪಾಠವಿದೆ. ಮನೆಯಲ್ಲಿಯೋ ಹಾಸ್ಟೆಲಿನಲ್ಲಿಯೋ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇರುವ 2004ರ ಬಗೆಯ ಜಾಲದಲ್ಲಿ, ಅದನ್ನು ಬಲ್ಲವನು ಆ ನಾಲ್ಕು ಓಲೆಗಳನ್ನು ಹಿಡಿದರೆ ಪಕ್ಕದವನ ಮರಿ ಕೀಲಿಕೈಯನ್ನು ತಾನೂ ರಚಿಸಿಕೊಳ್ಳಬಲ್ಲನು. 2018ರಲ್ಲಿ ಬಂದ ಹೊಸ ಏರ್ಪಾಡು ಈ ದಾರಿಯನ್ನು ಮುಚ್ಚಿತು. ಆದರೆ ಹಳೆಯ ಪೆಟ್ಟಿಗೆಗಳು ಇನ್ನೂ ಬಳಕೆಯಲ್ಲಿವೆ. ವಿದ್ಯೆಯು ಹಂಚಿದಷ್ಟೂ ಬೆಳೆಯುತ್ತದೆ. ಕೀಲಿಕೈಯಾದರೋ ಹಂಚಿದಷ್ಟೂ ಕ್ಷಯಿಸುತ್ತದೆ.