ಸಂಕಮ್ಮ ಕೊಡದ ಬಲಗೈ ಭಾಷೆ

ಮೂರೇ ಮೂರು ನಿಮಿಷದ ಹಾಡು! 1789ರ ಅಕ್ಟೋಬರಿನಲ್ಲಿ, ವಿಯೆನ್ನಾದಲ್ಲಿ ಮೊಟ್ಸಾರ್ಟ್ ಕಟ್ಟಿದ್ದು. ಹೆಸರು ‘ಕಿ ಸಾ, ಕಿ ಸಾ, ಕ್ವಾಲ್ ಸಿಯಾ’. ಮಾರ್ಟಿನ್ ಇ ಸೊಲೆರ್ ಎಂಬ ಬೇರೊಬ್ಬ ಸಂಯೋಜಕನ ಇಟಾಲಿಯನ್ ಗೀತನಾಟಕಕ್ಕೆ ಸೇರಿಸಲೆಂದು, ಲೂಯಿಸ್ ವಿಲ್ನೂವ್ ಎಂಬ ಗಾಯಕಿಗಾಗಿ ಬರೆದದ್ದು. ನಲ್ಲನ ಮನಸ್ಸು ಕದಡಿದೆ. ಕೋಪವೋ, ಮತ್ಸರವೋ, ಅನುಮಾನವೋ, ಪ್ರೀತಿಯೋ? ಅವಳಿಗೆ ತಿಳಿಯದು. ಕ್ಲಾರಿನೆಟ್ಟುಗಳ ನಡುವೆ ಅವಳ ದನಿ ಮೆಲ್ಲಗೆ ತಡಕಾಡುತ್ತದೆ.

ಕೇಳುತ್ತ ಕೂತವನಿಗೆ ಮೈ ಜುಮ್ಮೆಂದಿತು. ಅಯ್ಯೋ, ಇದು ನಮ್ಮ ಸಂಕಮ್ಮನ ಸಂಕಟ!

ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲದ ಕಡೆ ಮಲೆ ಮಹದೇಶ್ವರನ, ಅಂದರೆ ಮಾದಪ್ಪನ ಕಥೆ ಹಾಡುವ ದೇವರಗುಡ್ಡರನ್ನು ನೋಡಿ. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ. ಬಲಗೈಯಲ್ಲಿ ದಾರಕ್ಕೆ ಕಟ್ಟಿದ, ಕುಚ್ಚು ತೂಗುವ ಇನ್ನೊಂದು ಬಿಲ್ಲೆ. ಅದು ಬಟ್ಟಲಿಗೆ ಬಡಿದು ಎಗರಿ ಮತ್ತೆ ಬಂದು ಬಡಿಯುತ್ತದೆ. ಅದೇ ಕಂಸಾಳೆ. ಪಕ್ಕದಲ್ಲಿ ದಮ್ಮಡಿ. ಮುಮ್ಮೇಳದವರು ಎತ್ತಿದ ಸೊಲ್ಲನ್ನು ಹಿಮ್ಮೇಳದವರು ಹಿಡಿಯುತ್ತಾರೆ. ರಾತ್ರಿ ಏರುತ್ತದೆ, ಕಥೆ ಸಾಲು ಸಾಲಾಗಿ ಬಿಚ್ಚಿಕೊಳ್ಳುತ್ತದೆ. ಅದರಲ್ಲೊಂದು ಸಂಕಮ್ಮನ ಸಾಲು.

ಹಾಡುಗಾರರು ಬದಲಾದಂತೆ ವಿವರಗಳೂ ಬದಲಾಗುತ್ತವೆ. ಆದರೆ ಕಥೆಯ ಗಂಟು ಒಂದೇ. ಸಂಕಮ್ಮನ ಗಂಡ ನೀಲೇಗೌಡ ಕಾಡಿಗೆ ಹೊರಟು ನಿಂತಿದ್ದಾನೆ. ಒಳಗೆ ಅನುಮಾನದ ಹುಳ. ನಾನು ಬರುವ ತನಕ ತಪ್ಪಿ ನಡೆಯುವುದಿಲ್ಲವೆಂದು ಬಲಗೈ ಭಾಷೆ ಕೊಡು ಎನ್ನುತ್ತಾನೆ. ಕೈಮೇಲೆ ಕೈಯಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸಂಕಮ್ಮ ಕೈ ಚಾಚುವುದಿಲ್ಲ! ಧಾರೆಯೆರೆದು ಕೈಹಿಡಿದ ಮೇಲೆ ಮತ್ತೆ ಯಾವ ಭಾಷೆ? ಗಂಡ ರೇಗುತ್ತಾನೆ, ಹಿಂಸಿಸುತ್ತಾನೆ. ಕೊನೆಗೆ ಕಾಡಿನ ಗುಡಿಸಲಲ್ಲಿ ಅವಳನ್ನು ಕಟ್ಟಿಹಾಕಿ ನಡೆದುಬಿಡುತ್ತಾನೆ. ಆಗಲೂ ಅವಳು ಮಣಿಯಳು. ಮಾದಪ್ಪನೇ ಜಂಗಮನಾಗಿ ಬಂದು ಕಟ್ಟು ಬಿಚ್ಚುತ್ತಾನೆ, ಮಕ್ಕಳ ಫಲ ಕೊಡುತ್ತಾನೆ. ಅವಳಿ ಮಕ್ಕಳು ಕಾರಯ್ಯ, ಬಿಲ್ಲಯ್ಯ ಹುಟ್ಟುತ್ತಾರೆ. ಆ ಕಾಡುಗಳ ಸೋಲಿಗರು ಇಂದಿಗೂ ಆ ಕಾರಯ್ಯನನ್ನು ತಮ್ಮ ಮೂಲಪುರುಷನೆನ್ನುತ್ತಾರೆ.

ಇನ್ನೊಂದು ವಿಸ್ಮಯ ಕೇಳಿ. ವಿಲ್ನೂವ್ ಆ ಹಾಡು ಹಾಡಿದ್ದು 1789ರ ನವೆಂಬರಿನಲ್ಲಿ. 1790ರ ಜನವರಿಯಲ್ಲಿ ಅದೇ ರಂಗಮಂದಿರದಲ್ಲಿ, ಮೊಟ್ಸಾರ್ಟನದೇ ‘ಕೋಸಿ ಫಾನ್ ತೂತೆ’ ಗೀತನಾಟಕದಲ್ಲಿ ಆಕೆ ಡೋರಬೆಲ್ಲಾ ಆದಳು. ಅಲ್ಲಿಯ ಕಥೆಯೂ ಗಂಡಸರು ತಮ್ಮ ಹೆಣ್ಣುಗಳ ನಿಷ್ಠೆಗೆ ಒಡ್ಡುವ ಪರೀಕ್ಷೆಯೇ! ಅವರದು ಅರಮನೆಯ ರಂಗಮಂದಿರ, ನಮ್ಮದು ಮಾದಪ್ಪನ ಎಪ್ಪತ್ತೇಳು ಮಲೆ. ಒಬ್ಬರ ಹಾಡು ಇನ್ನೊಬ್ಬರ ಕಿವಿಗೆ ಬಿದ್ದದ್ದಿಲ್ಲ. ಆದರೂ ಎರಡೂ ಕಡೆ ಹೆಣ್ಣು ಗಂಡಿನ ಮನಸ್ಸಿನ ಕತ್ತಲೆಯ ಎದುರು ನಿಂತಿದ್ದಾಳೆ.

ನನಗೆ ಸಂಕಮ್ಮನೇ ದೊಡ್ಡವಳು. ವಿಯೆನ್ನಾದ ಹುಡುಗಿ ದೇವತೆಗಳಿಗೆ ಮೊರೆಯಿಟ್ಟು ಸುಮ್ಮನಾಗುತ್ತಾಳೆ; ಇವಳು ಗಂಡನ ಅನುಮಾನವನ್ನೇ ಕಟಕಟೆಗೆ ತರುತ್ತಾಳೆ. ಓದುಬರಹವಿಲ್ಲದ ಗುಡ್ಡರು ತಲೆತಲಾಂತರದಿಂದ ಬಾಯಲ್ಲೇ ಕಾಪಾಡಿಕೊಂಡು ಬಂದ ಕಾವ್ಯದಲ್ಲಿ ಇಂಥ ಹೆಣ್ಣಿದ್ದಾಳೆ!

ಈ ಮಹಾಕಾವ್ಯವನ್ನು ಪಿ.ಕೆ. ರಾಜಶೇಖರ ಸಂಗ್ರಹಿಸಿ ಅಚ್ಚಿಗೆ ತಂದಿದ್ದಾರೆ, ಓದಬಹುದು. ಆದರೆ ಶಿವರಾತ್ರಿಗೋ ದೀಪಾವಳಿಗೋ ಮಾದಪ್ಪನ ಬೆಟ್ಟಕ್ಕೆ ಹೋದಾಗ ದರ್ಶನ ಮುಗಿಸಿ ಬಸ್ಸಿಗೆ ಓಡಬೇಡಿ. ಕಂಸಾಳೆಯವರನ್ನು ಹುಡುಕಿ, ಕಾಣಿಕೆಯಿಟ್ಟು, ಸಂಕಮ್ಮನ ಸಾಲು ಹಾಡಿಸಿ, ಪೂರ್ತಿ ಕೇಳಿ.