ರಕ್ತ ಹರಿದರೂ ಕುರಿ ನಿಂತಿರುವುದು ಹೇಗೆ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಈ ತಾಲ್ಲೂಕುಗಳಲ್ಲಿ ಮಳೆ ಕೈಕೊಟ್ಟ ವರ್ಷ ಅನೇಕ ಕುಟುಂಬಗಳ ಕೈಹಿಡಿಯುವುದು ಕುರಿ. ತೋಳವೋ ನಾಯಿಯೋ ಮಂದೆಗೆ ನುಗ್ಗಿದಾಗ ಕಚ್ಚಿಸಿಕೊಂಡ ಕುರಿ ಎದ್ದು ನಿಂತು ಉಳಿದವುಗಳ ಜತೆ ನಡೆಯುವುದುಂಟು. ಬದುಕಿತು ಎಂದುಕೊಳ್ಳುವಷ್ಟರಲ್ಲಿ, ಕೆಲವು ತಾಸುಗಳ ನಂತರ, ಅದು ದಿಢೀರನೆ ಕುಸಿಯುತ್ತದೆ. ನಡುವಿನ ಆ ಅವಧಿಯಲ್ಲಿ ಕುರಿಯನ್ನು ನಿಲ್ಲಿಸಿರುವುದು ಅದರ ಹಾರ್ಮೋನುಗಳು.

ನಲವತ್ತು ಕಿಲೋ ತೂಗುವ ಕುರಿಯ ಮೈಯಲ್ಲಿ ಸುಮಾರು ಎರಡೂವರೆ ಲೀಟರ್ ರಕ್ತವಿರುತ್ತದೆ. ಅದರಲ್ಲಿ ಹತ್ತನೆಯ ಒಂದು ಭಾಗ ಸೋರಿದರೂ ರಕ್ತದೊತ್ತಡ ಹೆಚ್ಚೇನೂ ಇಳಿಯದು. ಕತ್ತಿನ ದೊಡ್ಡ ರಕ್ತನಾಳಗಳ ಗೋಡೆಯಲ್ಲಿರುವ ನರತುದಿಗಳು ಒತ್ತಡದ ಅತ್ಯಲ್ಪ ಇಳಿಕೆಯನ್ನೂ ಗುರುತಿಸಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಕ್ಷಣಗಳಲ್ಲಿ ಅಡ್ರಿನಲ್ ಗ್ರಂಥಿ ಅಡ್ರಿನಲಿನ್ ಸುರಿಸುತ್ತದೆ. ಹೃದಯದ ಬಡಿತ ಏರುತ್ತದೆ, ಚರ್ಮ ಹಾಗೂ ಕರುಳಿನ ರಕ್ತನಾಳಗಳು ಬಿಗಿಯುತ್ತವೆ. ಕೆಂಪು ಕಣಗಳ ಉಗ್ರಾಣದಂತಿರುವ ಗುಲ್ಮವೂ ಸಂಕುಚಿಸಿ ತನ್ನ ದಾಸ್ತಾನನ್ನು ಹೊರಹಾಕುತ್ತದೆ. ಈ ಕಾರಣದಿಂದಲೇ ಗಾಯವಾದ ಕೂಡಲೇ ಮಾಡಿದ ರಕ್ತಪರೀಕ್ಷೆ ಸಹಜವಾಗಿ ಕಾಣಬಹುದು.

ಎರಡನೆಯ ಹಂತ ಮೂತ್ರಪಿಂಡದ್ದು. 1898ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಟೈಗರ್‌ಸ್ಟೆಡ್ ಮತ್ತು ಬರ್ಗ್‌ಮನ್ ಮೊಲದ ಮೂತ್ರಪಿಂಡದ ರಸವನ್ನು ಇನ್ನೊಂದು ಮೊಲಕ್ಕೆ ಚುಚ್ಚಿ, ಅದರ ರಕ್ತದೊತ್ತಡ ಏರಿದ್ದನ್ನು ಕಂಡರು. ಆ ರಸದಲ್ಲಿದ್ದ ವಸ್ತುವಿಗೆ ರೆನಿನ್ ಎಂದು ಹೆಸರಿಟ್ಟರು. ರಕ್ತ ಕಡಿಮೆಯಾದಾಗ ಮೂತ್ರಪಿಂಡ ಹೆಚ್ಚು ರೆನಿನ್ ಬಿಡುತ್ತದೆ, ಅದರಿಂದ ಆಂಜಿಯೊಟೆನ್ಸಿನ್ ತಯಾರಾಗುತ್ತದೆ. ಇದು ರಕ್ತನಾಳಗಳನ್ನು ಇನ್ನಷ್ಟು ಬಿಗಿಯುವುದರ ಜತೆಗೆ ಬಾಯಾರಿಕೆ ಹುಟ್ಟಿಸುತ್ತದೆ, ಉಪ್ಪನ್ನು ಉಳಿಸಿಕೊಳ್ಳುವ ಆಲ್ಡೊಸ್ಟಿರೋನನ್ನು ಪ್ರಚೋದಿಸುತ್ತದೆ. ಪಿಟ್ಯೂಟರಿಯಿಂದ ಬರುವ ವ್ಯಾಸೊಪ್ರೆಸಿನ್ ಮೂತ್ರವನ್ನು ತಡೆದು ನೀರನ್ನು ಉಳಿಸುತ್ತದೆ.

ಏರುವ ಈ ಹಾರ್ಮೋನುಗಳ ನಡುವೆ ಇಳಿಯುವುದೂ ಒಂದಿದೆ, ಅದು ಹೃದಯದ್ದೇ. ಹೃದಯವೂ ಹಾರ್ಮೋನು ಸ್ರವಿಸುತ್ತದೆ ಎಂಬುದು ಖಚಿತವಾಗಿದ್ದು 1981ರ ನಂತರ. ಕೆನಡಾದ ಡಿ ಬೋಲ್ಡ್ ಇಲಿಗಳ ಹೃತ್ಕರ್ಣದ ಸಾರವನ್ನು ಬೇರೆ ಇಲಿಗಳಿಗೆ ಕೊಟ್ಟಾಗ ಅವು ಹೇರಳ ಉಪ್ಪು, ನೀರು ವಿಸರ್ಜಿಸಿದವು. ಎಎನ್‌ಪಿ ಎಂದು ಕರೆಯಲಾಗುವ ಈ ಹಾರ್ಮೋನು ಹೃತ್ಕರ್ಣ ರಕ್ತದಿಂದ ಹಿಗ್ಗಿದಾಗ ಹೊರಬರುತ್ತದೆ. ರಕ್ತ ಸೋರಿದಾಗ ಹಿಗ್ಗು ತಗ್ಗುತ್ತದೆ, ಎಎನ್‌ಪಿಯೂ ತಗ್ಗುತ್ತದೆ. ನೀರು ಹೊರಹಾಕುವವನೇ ಸುಮ್ಮನಾದಂತೆ.

ಈ ಏರ್ಪಾಡು ಎಷ್ಟೇ ಜಾಣತನದ್ದಾದರೂ ಸಾಲದ ವ್ಯವಹಾರ. ಮಿದುಳು, ಹೃದಯಗಳಿಗೆ ರಕ್ತ ಒದಗಿಸಲು ಕರುಳು, ಮೂತ್ರಪಿಂಡಗಳು ಹಸಿದಿರಬೇಕು. ಮೂರನೆಯ ಒಂದು ಭಾಗದಷ್ಟು, ಅಂದರೆ ಮುಕ್ಕಾಲು ಲೀಟರಿಗೂ ಮಿಗಿಲು ರಕ್ತ ಬೇಗನೆ ಹೋದರೆ ಹಾರ್ಮೋನುಗಳು ಉಕ್ಕಿದರೂ ಒತ್ತಡ ನಿಲ್ಲದು. ಆದ್ದರಿಂದ ಕುರಿ ನಿಂತಿದೆಯೇ ಎಂದು ನೋಡುವುದಕ್ಕಿಂತ ಕಿವಿ, ಕಾಲು ತಣ್ಣಗಾಗಿವೆಯೇ, ಎದೆಬಡಿತ ಜೋರಾಗಿದೆಯೇ ಎಂದು ನೋಡುವುದು ಮೇಲು. ವಸಡನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಎರಡು ಸೆಕೆಂಡಿನಲ್ಲಿ ಕೆಂಪು ಮರಳದಿದ್ದರೆ ತಡ ಮಾಡಬಾರದು. ಗಾಯವನ್ನು ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಅದುಮಿ ಹಿಡಿದು, ಕುರಿಯನ್ನು ನಡೆಸದೆ ನೆರಳಿನಲ್ಲಿರಿಸಿ, ಪಶುವೈದ್ಯರನ್ನು ಕರೆಸಬೇಕು. ತಾನಾಗಿ ಕುಡಿದರೆ ನೀರಿಡಬಹುದು. ನಿತ್ರಾಣಗೊಂಡ ಕುರಿಯ ಬಾಯಿಗೆ ಸುರಿದರೆ ಶ್ವಾಸಕೋಶಕ್ಕೆ ಹೋದೀತು.

ಕಣ್ಣಿಗೆ ಕಾಣದ ರಕ್ತಸ್ರಾವದ ಕಥೆ ಬೇರೆ. ಮಳೆಗಾಲದಲ್ಲಿ ತುಂಗಭದ್ರೆಯ ದಡ, ಕೆರೆಯಂಚುಗಳ ಒದ್ದೆ ಹುಲ್ಲಿನೊಡನೆ ಹೊಟ್ಟೆ ಸೇರುವ ಹೀಮಾಂಕಸ್ ಜಂತು ನಾಲ್ಕನೆಯ ಜಠರದಲ್ಲಿ ನೆಲೆಸಿ ರಕ್ತ ಹೀರುತ್ತದೆ. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿಲೀಟರ್ ಹೀರಿದರೆ, ಐದು ಸಾವಿರ ಹುಳುಗಳಿಗೆ ಕಾಲು ಲೀಟರ್ ಬೇಕು! ನಷ್ಟ ನಿಧಾನವಾದಾಗ ದೇಹಕ್ಕೆ ನೀರು ತುಂಬಿಕೊಳ್ಳಲು ಬಿಡುವು ಸಿಗುತ್ತದೆ, ಒತ್ತಡ ಉಳಿಯುತ್ತದೆ. ಆದರೆ ಹಾರ್ಮೋನುಗಳು ಉಳಿಸಿದ ನೀರಿನಲ್ಲಿ ಕೆಂಪು ಕಣಗಳಿಲ್ಲ, ಪ್ರೋಟೀನೂ ಇಲ್ಲ. ರಕ್ತ ತೆಳುವಾಗಿ ಗದ್ದದ ಕೆಳಗೆ ನೀರುಬಾವು ಕಾಣಿಸಿಕೊಳ್ಳುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡ ಫಮಾಚಾ ವಿಧಾನದಲ್ಲಿ ಕೆಳರೆಪ್ಪೆಯ ಒಳಬಣ್ಣವನ್ನು ಕೆಂಪಿನಿಂದ ಬಿಳುಪಿನವರೆಗೆ ಐದು ದರ್ಜೆಯ ಚಿತ್ರಕ್ಕೆ ಹೋಲಿಸಿ, ಬಿಳುಚಿಕೊಂಡ ಕುರಿಗಳಿಗಷ್ಟೇ ಔಷಧ ಕುಡಿಸುತ್ತಾರೆ. ಇಡೀ ಮಂದೆಗೆ ಪದೇ ಪದೇ ಕುಡಿಸಿದರೆ ಹುಳುಗಳು ಔಷಧಕ್ಕೆ ಒಗ್ಗಿಕೊಳ್ಳುತ್ತವೆ.