ಒಂದು ಮಗು, ಒಂದು ಬ್ರಷ್ಷು



ನಮ್ಮ ರಾಯಚರ್ಲು ಕಡೆ ಕಡ್ಲೆಕಾಯಿ ಕೀಳುವ ಕಾಲ ಬಂತು ಅಂದರೆ ಯಾರೂ ಮನೆಯಲ್ಲಿ ಕೂರುವುದಿಲ್ಲ. ತಾಯಿ ನಸುಕಿನಲ್ಲೇ ಕೂಲಿಗೆ ಹೊರಡುತ್ತಾಳೆ. ಮಗು ಇನ್ನೂ ನಿದ್ದೆಗಣ್ಣಿನಲ್ಲಿ ಇರುತ್ತದೆ. ಅದನ್ನು ಎತ್ತಿಕೊಂಡು ಹೋಗಿ ಪಕ್ಕದ ಮನೆ ಅಜ್ಜಿ ಹತ್ತಿರ ಬಿಡುತ್ತಾಳೆ. ಅಲ್ಲಿ ಆಗಲೇ ನಾಲ್ಕು ಮಕ್ಕಳು ಇರುತ್ತವೆ. ಎಲ್ಲರಿಗೂ ಮುಖ ತೊಳೆಸೋದು, ಹಲ್ಲು ಉಜ್ಜಿಸೋದು ಅಜ್ಜಿಯ ಪಾಲಿಗೆ ಬರುತ್ತದೆ.

ಮೂರು ವರ್ಷ ತುಂಬಿದ ಮಕ್ಕಳಿಗೆ ಅಂಗನವಾಡಿ ಇದೆ. ನಮ್ಮ ದೇಶದಲ್ಲಿ ಅಂಗನವಾಡಿ ಶುರುವಾದದ್ದು 1975ರಲ್ಲಿ. ಇನ್ನೂ ಸಣ್ಣ ಮಕ್ಕಳಿಗಾಗಿ ಕರ್ನಾಟಕ ಸರ್ಕಾರ 2023ರಲ್ಲಿ ‘ಕೂಸಿನ ಮನೆ’ ಯೋಜನೆ ತಂದಿತು. ಅಜ್ಜಿಯ ಮನೆಯಾಗಲಿ, ಅಂಗನವಾಡಿಯಾಗಲಿ, ಕೂಸಿನ ಮನೆಯಾಗಲಿ, ಹಲವು ಮಕ್ಕಳು ಸೇರುವ ಕಡೆ ಒಂದು ಮಾತು ನೆನಪಿರಬೇಕು. ಒಬ್ಬರ ಬ್ರಷ್ಷು ಇನ್ನೊಬ್ಬರ ಬಾಯಿಗೆ ಹೋಗಬಾರದು.

ಅಜ್ಜಿ ಹೇಳಿದ ಮಾತು

ಒಂದು ಮನೆಗೆ ನಾವು ಹೋಗಿದ್ದೆವು. ಗೋಡೆಯ ಗೂಡಿನಲ್ಲಿ ಒಂದು ಲೋಟ. ಲೋಟದಲ್ಲಿ ಎರಡು ಬ್ರಷ್ಷು. ಮಕ್ಕಳು ಐದು.

“ಎಲ್ಲಾ ನಮ್ಮ ಮಕ್ಕಳೇ ಅಲ್ವಾ? ತೊಳೆದೇ ಕೊಡ್ತೀನಿ ಕಣಮ್ಮ” ಅಂದರು ಅಜ್ಜಿ.

ನಾವು ಕೇಳಿದೆವು: “ಅಜ್ಜಿ, ನೀವು ಚಿಕ್ಕವರಿದ್ದಾಗ ಯಾತರಲ್ಲಿ ಹಲ್ಲು ಉಜ್ತಿದ್ರಿ?”

“ಬೇವಿನ ಕಡ್ಡೀಲಿ.”

“ನೀವು ಉಜ್ಜಿದ ಕಡ್ಡೀನ ನಿಮ್ಮ ತಂಗಿಗೆ ಕೊಡ್ತಿದ್ರಾ?”

“ಥೂ, ಎಂಜಲು! ಬಿಸಾಕ್ತಿದ್ವಿ.”

ಅಷ್ಟು ಹೇಳಿ ಅಜ್ಜಿ ತಾವೇ ಸುಮ್ಮನಾದರು. ಲೋಟದ ಕಡೆ ನೋಡಿದರು. ಕಡ್ಡಿ ಎಂಜಲು ಆದರೆ ಬ್ರಷ್ಷೂ ಎಂಜಲೇ ಅಲ್ಲವೆ?

ಎಂಜಲಿನಲ್ಲಿ ಏನಿದೆ?

ಎಂಜಲಿನಲ್ಲಿ ಕಣ್ಣಿಗೆ ಕಾಣದ ರೋಗಾಣುಗಳು ಇರುತ್ತವೆ. ಹಲ್ಲು ಹುಳುಕು ಮಾಡುವ ರೋಗಾಣು ಇದೆ. ನೆಗಡಿ, ಕೆಮ್ಮು ತರುವ ರೋಗಾಣುಗಳೂ ಇವೆ. ಇವು ಬ್ರಷ್ಷಿನ ಎಳೆಗಳ ಬುಡದಲ್ಲಿ ಸೇರಿಕೊಳ್ಳುತ್ತವೆ. ಬರೀ ನೀರಿನಲ್ಲಿ ತೊಳೆದರೆ ಎಲ್ಲವೂ ಹೋಗುವುದಿಲ್ಲ. ಉಜ್ಜುವಾಗ ಕೆಲವು ಸಲ ವಸಡಿನಿಂದ ರಕ್ತ ಬರುತ್ತದೆ. ರಕ್ತದಿಂದ ಹರಡುವ ಕಾಮಾಲೆಯೂ ಉಂಟು. ಒಬ್ಬರ ಬ್ರಷ್ಷಿನಿಂದ ಅದು ಇನ್ನೊಬ್ಬರಿಗೆ ಬರಬಹುದು.

ಹೀಗೆ ಮಾಡೋಣ

1. ಪ್ರತಿ ಮಗುವಿಗೂ ಬೇರೆ ಬ್ರಷ್ಷು ಇರಲಿ. ಎಳೆ ಮೆತ್ತಗಿರಲಿ, ತಲೆ ಚಿಕ್ಕದಿರಲಿ.

2. ಅಂಟುಪಟ್ಟಿಯ ಮೇಲೆ ಮಗುವಿನ ಹೆಸರು ಬರೆದು ಹಿಡಿಗೆ ಸುತ್ತಿ. ಓದಲು ಬಾರದವರಿಗೆ ಉಗುರುಬಣ್ಣದ ಚುಕ್ಕೆ ಇಡಿ. ಒಂದಕ್ಕೆ ಒಂದು ಚುಕ್ಕೆ, ಇನ್ನೊಂದಕ್ಕೆ ಎರಡು.

3. ಪೇಸ್ಟಿನ ಟ್ಯೂಬನ್ನು ಬ್ರಷ್ಷಿಗೆ ತಾಗಿಸಬೇಡಿ. ತೊಳೆದ ತಟ್ಟೆಯಲ್ಲಿ ದೂರ ದೂರ ಬೊಟ್ಟು ಇಡಿ. ಒಂದೊಂದು ಮಗುವಿಗೆ ಒಂದೊಂದು ಬೊಟ್ಟು.

4. ಮೂರು ವರ್ಷದ ಒಳಗಿನ ಮಗುವಿಗೆ ಅಕ್ಕಿಕಾಳಿನಷ್ಟು ಪೇಸ್ಟು ಸಾಕು. ಮೂರರಿಂದ ಆರು ವರ್ಷದ ಮಗುವಿಗೆ ಬಟಾಣಿ ಕಾಳಿನಷ್ಟು. ನುಂಗದಂತೆ ಉಗುಳಿಸಿ.

5. ಬ್ರಷ್ಷನ್ನು ಎಲ್ಲರ ಬಕೆಟ್ಟಿನಲ್ಲಿ ಅದ್ದಬೇಡಿ. ಮೇಲಿನಿಂದ ನೀರು ಹೊಯ್ದು ತೊಳೆಯಿರಿ. ಬಾಯಿ ಮುಕ್ಕಳಿಸಲು ಲೋಟವೂ ಬೇರೆ ಬೇರೆ ಇರಲಿ.

6. ತಲೆ ಮೇಲಾಗಿ ನಿಲ್ಲಿಸಿ, ಗಾಳಿಗೆ ಒಣಗಿಸಿ. ಒಂದಕ್ಕೊಂದು ತಾಗಬಾರದು. ಹಳೇ ಡಬ್ಬಿಯ ಮುಚ್ಚಳಕ್ಕೆ ದೂರ ದೂರ ತೂತು ಕೊರೆದರೆ ಸಾಕು. ಒದ್ದೆ ಬ್ರಷ್ಷಿಗೆ ಟೋಪಿ ಹಾಕಬೇಡಿ.

7. ಒಂದು ಮಗುವಿಗೆ ಉಜ್ಜಿಸಿದ ಮೇಲೆ ಕೈ ತೊಳೆದು ಇನ್ನೊಂದು ಮಗುವಿಗೆ ಉಜ್ಜಿಸಿ.

8. ಮೂರು ನಾಲ್ಕು ತಿಂಗಳಿಗೆ ಬ್ರಷ್ಷು ಬದಲಿಸಿ. ಎಳೆ ಬಾಗಿದರೆ ಅಥವಾ ಅದಲು ಬದಲಾದರೆ ಆಗಲೇ ಬಿಸಾಡಿ.

ಹಾಲುಹಲ್ಲು ಬೀಳೋದೇ ಅಲ್ವಾ?

ಹೀಗೆ ಅನೇಕರು ಕೇಳುತ್ತಾರೆ. ಹಾಲುಹಲ್ಲು 20. ಸುಮಾರು ಆರನೇ ತಿಂಗಳಿಗೆ ಹುಟ್ಟಲು ಶುರು. ಮೂರು ವರ್ಷದ ಹೊತ್ತಿಗೆ ಎಲ್ಲಾ ಬಂದಿರುತ್ತವೆ. ಅದರಲ್ಲಿ ಹಿಂದಿನ ಹಲ್ಲುಗಳು 10-12 ವರ್ಷದ ತನಕ ಇರುತ್ತವೆ. ಅವು ಹುಳುಕಾದರೆ ಮಗು ಊಟ ಬಿಡುತ್ತದೆ. ರಾತ್ರಿಯೆಲ್ಲಾ ಅಳುತ್ತದೆ. ಮಾರನೇ ದಿನ ತಾಯಿಯ ಕೂಲಿಯೂ ಹೋಗುತ್ತದೆ. ಆದ್ದರಿಂದ ಮೊದಲ ಹಲ್ಲು ಬಂದ ದಿನದಿಂದ ಉಜ್ಜಿಸಬೇಕು. ಬೆಳಿಗ್ಗೆ ಅಜ್ಜಿ ಉಜ್ಜಿಸಲಿ. ರಾತ್ರಿ ಮಲಗುವ ಮುಂಚೆ ತಾಯಿ ಉಜ್ಜಿಸಲಿ.

ಕಂದು ಕಲೆ ಉಜ್ಜಿದರೆ ಹೋಗದು

ಪಾವಗಡ, ಮಧುಗಿರಿ, ಶಿರಾ ಕಡೆ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಒಂದು ಲೀಟರ್ ನೀರಿನಲ್ಲಿ ಇದು 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರನ್ನು ಮಗು ವರ್ಷಗಟ್ಟಲೆ ಕುಡಿದರೆ ಮುಂದೆ ಬರುವ ಹಲ್ಲಿನಲ್ಲಿ ಬಿಳಿ, ಕಂದು ಕಲೆ ಬೀಳುತ್ತದೆ. ಇದು ಕೊಳೆ ಅಲ್ಲ. ಹಲ್ಲು ಒಸಡಿನ ಒಳಗೆ ಬೆಳೆಯುವಾಗಲೇ ಆದ ಕಲೆ. ಇಟ್ಟಿಗೆ ಪುಡಿ, ಇದ್ದಲು ಹಾಕಿ ತಿಕ್ಕಿದರೆ ಕಲೆ ಹೋಗದು, ಹಲ್ಲು ಸವೆಯುತ್ತದೆ. “ಹಲ್ಲು ಉಜ್ಜಲ್ಲ ನೀನು” ಅಂತ ಮಗುವನ್ನು ಬೈಯಬೇಡಿ. ಕುಡಿಯಲು, ಅಡುಗೆಗೆ ಶುದ್ಧೀಕರಿಸಿದ ನೀರನ್ನೇ ಬಳಸಿ. ಪೇಸ್ಟಿನಲ್ಲೂ ಫ್ಲೋರೈಡ್ ಇರುತ್ತದೆ. ಅದಕ್ಕೇ ಮಗು ಪೇಸ್ಟು ನುಂಗಬಾರದು. ಯಾವ ಪೇಸ್ಟು ಕೊಡಬೇಕು ಅಂತ ಡಾಕ್ಟರನ್ನು ಕೇಳಿ.

ಮುಂದೆ ಏನಾಯಿತು?

ಹದಿನೈದು ದಿನ ಬಿಟ್ಟು ನಾವು ಆ ಅಜ್ಜಿಯ ಮನೆಗೆ ಮತ್ತೆ ಹೋದೆವು. ಗೂಡಿನಲ್ಲಿ ಐದು ಬ್ರಷ್ಷು ನಿಂತಿದ್ದವು. ಐದರ ಮೇಲೂ ಹೆಸರಿತ್ತು. ಅಕ್ಷರ ಸ್ವಲ್ಪ ಸೊಟ್ಟ. ಬರೆದವಳು ಆ ಮಕ್ಕಳಲ್ಲಿ ಒಂದರ ತಾಯಿ. ನಮ್ಮ ಕೇಂದ್ರದಲ್ಲಿ ಕಲಿತವಳು.

“ನನ್ನ ಮಗನ ಹೆಸರು ನಾನೇ ಬರೆದದ್ದು ಇದೇ ಮೊದಲು ಟೀಚರೇ” ಅಂದಳು.

ನೀವೂ ಬರೆಯಿರಿ. ನಿಮ್ಮ ಮಗುವಿನ ಹೆಸರು, ಅದರ ಬ್ರಷ್ಷಿನ ಮೇಲೆ.

ಯೋಚಿಸಿ, ಉತ್ತರ ಹೇಳಿ

1. ನಿಮ್ಮ ಮನೆಯಲ್ಲಿ ಎಷ್ಟು ಜನ? ಎಷ್ಟು ಬ್ರಷ್ಷು?
2. ಕಂದು ಕಲೆ ಉಜ್ಜಿದರೆ ಯಾಕೆ ಹೋಗುವುದಿಲ್ಲ?